ಮನೆಯ ಕೋವಿಗಳಿಗೆ ವಿಮೆ: ಯಾವ ಪಾಲಿಸಿ, ಯಾವ ಮೌಲ್ಯಕ್ಕೆ?

ಪ್ರಶ್ನೆ: ಐನ್‌ಮನೆಯ ಕಿರಿಯ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿರಾಜಪೇಟೆಯ ಕಡೆಯದು. ಕೆಲಸದ ಕಾರಣ ನಾನು ಬೆಂಗಳೂರಿನಲ್ಲಿದ್ದೇನೆ, ತಾಯಿಯವರು ತೋಟದ ಮನೆಯಲ್ಲಿದ್ದಾರೆ. ನಮ್ಮಲ್ಲಿರುವ ಕೋವಿಗಳಿಗೆ ವಿಮೆ ಮಾಡಿಸಬೇಕೆಂದು ಎರಡು ತಿಂಗಳಿನಿಂದ ವಿಚಾರಿಸುತ್ತಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಿರುವುದರಿಂದ ತಿಳಿದವರ ಸಲಹೆ ಕೇಳಲು ಬರೆಯುತ್ತಿದ್ದೇನೆ.

ಇರುವುದು ನಾಲ್ಕು. ಮೊದಲನೆಯದು ತಂದೆಯವರ 12 ಬೋರಿನ ಜೋಡಿನಳಿಗೆ ಕೋವಿ. ಅದು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಕಂಪನಿಯದು, ಅಜ್ಜನ ಕಾಲದಿಂದ ಬಂದದ್ದು. ತಂದೆಯವರು ಕಳೆದ ವರ್ಷ ತೀರಿಕೊಂಡ ಮೇಲೆ ಅದನ್ನು ಪರವಾನಗಿಯುಳ್ಳ ಬಂದೂಕು ಅಂಗಡಿಯೊಂದರಲ್ಲಿ ಠೇವಣಿ ಇಟ್ಟಿದ್ದೇವೆ. ನನ್ನ ಹೆಸರಿಗೆ ಮಾಡಿಕೊಡುವಂತೆ ಕೋರಿದ ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿದೆ. ಎರಡನೆಯದು ನನ್ನದೇ ಪರವಾನಗಿಯಲ್ಲಿರುವ ಪಾಯಿಂಟ್ 22 ರೈಫಲ್. ಗುರಿ ಸ್ಪರ್ಧೆಗಳಿಗೆ ಹೋಗುವುದರಿಂದ ಅದು ಬೆಂಗಳೂರಿನ ಮನೆಯಲ್ಲಿರುತ್ತದೆ. ಮೂರನೆಯದು ತಾಯಿಯವರ ಹೆಸರಿನ ವಿನಾಯಿತಿ ಪತ್ರದಲ್ಲಿರುವ (ಕೊಡವರಿಗೆ ಕೋವಿಯ ಪರವಾನಗಿ ಬೇಡವೆಂಬ ಪತ್ರ) ಒಂಟಿನಳಿಗೆ ತೋಟಾ ಕೋವಿ. ನಾಲ್ಕನೆಯದು ಐನ್‌ಮನೆಯ, ಎಂದರೆ ಮನೆತನದ ಮೂಲ ಮನೆಯ, ಗೋಡೆಯ ಮೇಲಿರುವ ಹಳೆಯ ಕೇಪಿನ ಕೋವಿ. ಅದರ ನಳಿಗೆ ಕಟ್ಟಿಹೋಗಿದೆ, ಕುದುರೆ (ಕೇಪಿಗೆ ಬಡಿಯುವ ಭಾಗ) ಇಲ್ಲ, ಯಾರ ಹೆಸರಿನಲ್ಲೂ ಕಾಗದವಿಲ್ಲ. ಅದು ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ್ದೆಂದು ಎಲ್ಲರೂ ಹೇಳುತ್ತಾರೆ. ಇವುಗಳ ಜೊತೆಗೆ ಬೆಳ್ಳಿಯ ಕಟ್ಟಿನ ಎರಡು ಪೀಚೆಕತ್ತಿಗಳೂ ಒಂದು ಒಡಿಕತ್ತಿಯೂ ಇವೆ.

ನಾವು ಕೇಳಿದ ಏಜೆಂಟರೊಬ್ಬರು, ಮನೆಗೆ ಗೃಹವಿಮೆ ಮಾಡಿಸಿದರೆ ಒಳಗಿನ ಸಾಮಾನೆಲ್ಲ ಅದರಲ್ಲೇ ಸೇರುತ್ತದೆ, ಕೋವಿಯೂ ಒಂದು ಸಾಮಾನೇ ಅಲ್ಲವೇ ಎಂದರು. ಅವರ ಮಾತನ್ನು ನಂಬಬಹುದೇ? ಗ್ರೀನರ್ ಕೋವಿಗೆ ಎಷ್ಟು ಮೌಲ್ಯ ಹಾಕಬೇಕು, ಅದನ್ನು ಯಾರು ನಿರ್ಧರಿಸಬೇಕು? ಆಯುಧಗಳನ್ನು ಪೂಜಿಸುವ ನಮ್ಮ ಹಬ್ಬವಾದ ಕೈಲ್ ಪೊಳ್ದಿನ ದಿನ ಮನೆಯವರೆಲ್ಲ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಯಾರಿಗಾದರೂ ಪೆಟ್ಟಾದರೆ ಅದಕ್ಕೂ ವಿಮೆಯ ರಕ್ಷಣೆ ಇರುತ್ತದೆಯೇ?

ಉತ್ತರ 1: ನಿವೃತ್ತ ಸರ್ವೇಯರ್, ಮೈಸೂರು

ನಾನು ಸುಮಾರು ಮೂರು ದಶಕ ನಷ್ಟದ ಸಮೀಕ್ಷೆ ಮಾಡಿದವನು. ನಿಮ್ಮ ಏಜೆಂಟರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಕ್ಲೈಮಿನ ದಿನ ತೊಂದರೆ ಕೊಡುವುದು ಉಳಿದ ಅರ್ಧವೇ.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಗೃಹವಿಮೆಯನ್ನು ಮಾರುತ್ತವೆ. ಅದರಲ್ಲಿ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಮನೆಯ ಸಾಮಾನ್ಯ ಸಾಮಾನುಗಳಿಗೆ ರಕ್ಷಣೆ ತಾನಾಗಿಯೇ ಸಿಗುತ್ತದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ ಇವುಗಳ ಜೊತೆಗೆ ಭೂಕುಸಿತವೂ ಅದರಲ್ಲಿ ಸೇರಿದೆ. ಕೊಡಗಿನವರಿಗೆ ಇದು ಸಣ್ಣ ಮಾತಲ್ಲ. ಆದರೆ ಕೋವಿಯ ಒಡೆಯನು ಮುಖ್ಯವಾಗಿ ಹೆದರುವುದು ಕಳ್ಳತನಕ್ಕೆ, ಮತ್ತು ಈ ಪಾಲಿಸಿ ಕಳ್ಳತನವನ್ನು ಭರಿಸುವುದು ಮೇಲೆ ಹೇಳಿದಂಥ ಯಾವುದಾದರೂ ಅನಾಹುತ ನಡೆದು, ಅದರ ಕಾರಣದಿಂದಲೇ 7 ದಿನಗಳೊಳಗೆ ಆದ ಕಳ್ಳತನವಾಗಿದ್ದರೆ ಮಾತ್ರ. ಮಾಮೂಲಿ ರಾತ್ರಿಯಲ್ಲಿ ಕಳ್ಳನು ಹಿಂಬಾಗಿಲು ಮುರಿದು ಕೋವಿ ಒಯ್ದರೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ವಿಮೆಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಆ ಕನ್ನಗಳವಿನ ವಿಮೆಯಲ್ಲೂ ಕೆಲವು ಪದಗಳನ್ನು ಕಣ್ಣಿಟ್ಟು ಓದಬೇಕು. ಬಲವಂತವಾಗಿ ಒಳಹೊಕ್ಕ ಗುರುತು, ಎಂದರೆ ಮುರಿದ ಬೀಗ, ಒಡೆದ ಕಿಟಕಿ ಅಥವಾ ಬಾಗಿದ ಸರಳು, ಇರಲೇಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ತೆರೆದಿಟ್ಟ ಬಾಗಿಲಿನಿಂದ ಬಂದವನು ಎತ್ತಿಕೊಂಡು ಹೋದರೆ, ಅಥವಾ ಮನೆಯವರೋ ಕೆಲಸದವರೋ ಕೈವಾಡ ನಡೆಸಿದ್ದರೆ, ಕ್ಲೈಮು ನಿಲ್ಲುವುದಿಲ್ಲ. ಮನೆ ಸತತ 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಬಿದ್ದಿದ್ದರೆ ರಕ್ಷಣೆ ಇಲ್ಲವೆಂಬ ಷರತ್ತೂ ಅನೇಕ ಪಾಲಿಸಿಗಳಲ್ಲಿದೆ. ನಿಮ್ಮ ತಾಯಿಯವರು ಮಳೆಗಾಲ ಕಳೆಯಲು ನಿಮ್ಮ ಬಳಿಗೆ ಬಂದು ಎರಡು ತಿಂಗಳು ಉಳಿಯುವ ರೂಢಿ ಇದ್ದರೆ ಅದನ್ನು ಮೊದಲೇ ಕಂಪನಿಗೆ ಬರೆದು ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ಈಗ ಮೌಲ್ಯದ ಪ್ರಶ್ನೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇದೇ. ಟಿವಿಯೋ ಮಿಕ್ಸಿಯೋ ಹಾಳಾದರೆ ಅದೇ ಬಗೆಯ ಹೊಸದೊಂದನ್ನು ಕೊಳ್ಳುವ ಖರ್ಚನ್ನು ಲೆಕ್ಕ ಹಾಕಬಹುದು. ಗ್ರೀನರ್ ಕೋವಿಗೆ ಅಂಥ ಲೆಕ್ಕವಿಲ್ಲ. 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳಿಗಾಗಿ ವಿದೇಶಿ ಬಂದೂಕುಗಳನ್ನು ಆಮದು ಮಾಡುವುದು ನಿಂತುಹೋದುದರಿಂದ, ದೇಶದೊಳಗೆ ಇರುವ ಹಳೆಯ ಇಂಗ್ಲಿಷ್ ಕೋವಿಗಳಷ್ಟೇ ಕೈಯಿಂದ ಕೈಗೆ ಹೋಗುತ್ತಿವೆ. ಅವುಗಳ ಬೆಲೆಗೂ ಇಂಗ್ಲೆಂಡಿನ ಹರಾಜಿನ ಬೆಲೆಗೂ ಸಂಬಂಧವಿಲ್ಲ, ಆರ್ಡ್‌ನೆನ್ಸ್ ಕಾರ್ಖಾನೆಯ ಹೊಸ 12 ಬೋರಿನ ಬೆಲೆಗೂ ಸಂಬಂಧವಿಲ್ಲ. ಕ್ಲೈಮು ಬಂದಾಗ ಕಂಪನಿಯು ಇಂದು ಅಂಗಡಿಯಲ್ಲಿ ಸಿಗುವ ಜೋಡಿನಳಿಗೆಯ ಬೆಲೆಯನ್ನು ತೋರಿಸಿದರೆ ನೀವು ಏನು ಹೇಳುತ್ತೀರಿ? ಇಂಥ ಜಗಳಗಳಲ್ಲಿ ನಾನು ಎರಡೂ ಪಕ್ಷದವರ ನಡುವೆ ಕುಳಿತಿದ್ದೇನೆ. ಕಾಗದವಿಲ್ಲದ ಒಡೆಯನು ಪ್ರತಿ ಸಲವೂ ಸೋತಿದ್ದಾನೆ.

ಆದ್ದರಿಂದ ನೀವು ಕೇಳಬೇಕಾದದ್ದು ಒಪ್ಪಿತ ಮೌಲ್ಯದ ಆಧಾರದ ರಕ್ಷಣೆ. ಪಾಲಿಸಿ ಆರಂಭವಾಗುವಾಗಲೇ ಇಂಥ ಕೋವಿಗೆ ಇಷ್ಟು ಎಂದು ಎರಡೂ ಪಕ್ಷದವರು ಒಪ್ಪಿ ಬರೆದುಕೊಳ್ಳುವುದರಿಂದ, ಸಂಪೂರ್ಣ ನಷ್ಟವಾದರೆ ಅಷ್ಟನ್ನೇ ಕೊಡಬೇಕಾಗುತ್ತದೆ. ಭಾರತ ಗೃಹ ರಕ್ಷಾದಲ್ಲಿ ಒಡವೆ, ಬೆಳ್ಳಿ ಸಾಮಾನು, ಕಲಾಕೃತಿ, ಪುರಾತನ ವಸ್ತುಗಳಿಗೆ ಈ ಆಧಾರದ ಐಚ್ಛಿಕ ರಕ್ಷಣೆ ಇದೆ. ಒಟ್ಟು ಮೊತ್ತ 5 ಲಕ್ಷದೊಳಗೂ ಒಂದೊಂದು ವಸ್ತುವಿನ ಮೌಲ್ಯ 1 ಲಕ್ಷದೊಳಗೂ ಇದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಬೇಡ, ಮೀರಿದರೆ ಬೇಕು. ನಿಮ್ಮ ಪೀಚೆಕತ್ತಿ, ಒಡಿಕತ್ತಿಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಆ ಪಟ್ಟಿಯಲ್ಲಿ ಬಂದೂಕಿನ ಹೆಸರು ಬರುವುದಿಲ್ಲ. ಪುರಾತನ ವಸ್ತುವೆಂದು ಸೇರಿಸಿಕೊಳ್ಳುತ್ತೀರಾ ಎಂದು ಬರಹದಲ್ಲಿ ಕೇಳಿ. ಹೌದೆಂದರೆ ಆ ಉತ್ತರವನ್ನು ಪಾಲಿಸಿಗೆ ಹಿಂಬರಹವಾಗಿ ಸೇರಿಸಲು ಹೇಳಿ. ಏಜೆಂಟರ ಬಾಯಿಮಾತಾಗಲಿ ವಾಟ್ಸ್‌ಆಪ್ ಸಂದೇಶವಾಗಲಿ ನಿಮ್ಮನ್ನು ಕಾಪಾಡುವುದಿಲ್ಲ. ಒಪ್ಪದಿದ್ದರೆ, ಬಂದೂಕಿಗೆಂದೇ ಇರುವ ಪಾಲಿಸಿ ಅಥವಾ ಆಲ್ ರಿಸ್ಕ್ಸ್ ಎಂದು ಕರೆಯುವ ಸರ್ವ ಅಪಾಯ ವಿಮೆ ದೊರೆಯುತ್ತದೆಯೇ ಎಂದು ಸಾಮಾನ್ಯ ವಿಮಾ ಕಂಪನಿಗಳ ಶಾಖೆಯಲ್ಲೇ ಹೋಗಿ ಕೇಳಿ. ಆನ್‌ಲೈನ್ ಪುಟಗಳಲ್ಲಿ ಇವು ಕಣ್ಣಿಗೆ ಬೀಳುವುದು ಅಪರೂಪ.

ಸರ್ವ ಅಪಾಯ ವಿಮೆಯ ಲಾಭವೆಂದರೆ ವಸ್ತುವು ಮನೆಯ ಹೊರಗಿದ್ದಾಗಲೂ ರಕ್ಷಣೆ ಇರುತ್ತದೆ. ಸ್ಪರ್ಧೆಗಾಗಿ ಊರೂರು ತಿರುಗುವ ನಿಮ್ಮ ಪಾಯಿಂಟ್ 22 ರೈಫಲಿಗೆ ಬೇಕಾದದ್ದು ಇದೇ. ಗೃಹವಿಮೆಯಾಗಲಿ ಕನ್ನಗಳವಿನ ವಿಮೆಯಾಗಲಿ ಪಾಲಿಸಿಯಲ್ಲಿ ನಮೂದಿಸಿದ ವಿಳಾಸದಾಚೆಗೆ ಬರುವುದಿಲ್ಲ. ಭೌಗೋಳಿಕ ವ್ಯಾಪ್ತಿ ಭಾರತ ಪೂರ್ತಿ ಎಂದು ಬರೆದಿದೆಯೇ, ನಿಲ್ಲಿಸಿದ ಕಾರಿನಿಂದ ಕಳವಾದರೆ ಏನು ಷರತ್ತು ಎಂಬ ಎರಡು ಸಂಗತಿಗಳನ್ನು ಅಲ್ಲಿ ನೋಡಿಕೊಳ್ಳಿ.

ಮೌಲ್ಯವನ್ನು ಕಡಿಮೆ ತೋರಿಸಿ ಪ್ರೀಮಿಯಂ ಉಳಿಸುವ ಆಸೆಗೆ ಬೀಳಬೇಡಿ. ಗೃಹ ರಕ್ಷಾದಲ್ಲಿ ಕಡಿಮೆ ವಿಮೆಯ ಕಡಿತ ಇಲ್ಲವಾದರೂ ಕನ್ನಗಳವು ಮತ್ತು ಸರ್ವ ಅಪಾಯದ ಪಾಲಿಸಿಗಳಲ್ಲಿ ಸರಾಸರಿ ಷರತ್ತು ಇರಬಹುದು. 4 ಲಕ್ಷ ಬೆಲೆಯ ಕೋವಿಗೆ 2 ಲಕ್ಷಕ್ಕೆ ವಿಮೆ ಮಾಡಿಸಿ, ಅದರ ದುರಸ್ತಿಗೆ 1 ಲಕ್ಷ ತಗಲಿದರೆ, ಆ ಷರತ್ತಿನಂತೆ ಕೈಗೆ ಬರುವುದು 50 ಸಾವಿರ. ನಷ್ಟ ವಿಮಾ ಮೊತ್ತದೊಳಗೇ ಇದೆಯಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಕೋವಿಯ ಮೌಲ್ಯ ಬರೆದುಕೊಡಲು ಸೂಕ್ತನಾದವನು ಒಡವೆಯ ಮೌಲ್ಯಮಾಪಕನಲ್ಲ. ಹಳೆಯ ಕೋವಿಗಳನ್ನು ಕೊಂಡು ಮಾರಿದ ಅನುಭವವಿರುವ, ಪರವಾನಗಿಯುಳ್ಳ ವ್ಯಾಪಾರಿ. ಅವರ ಪತ್ರದಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ನಳಿಗೆಯ ಉದ್ದ, ನಳಿಗೆಯ ತಳದಲ್ಲಿರುವ ಪರೀಕ್ಷಾ ಮುದ್ರೆಗಳು, ಹಿಡಿಯ ಮರದ ಸ್ಥಿತಿ, ಮೂಲ ಪೆಟ್ಟಿಗೆ ಇದೆಯೇ ಇಲ್ಲವೇ ಎಂಬುದೆಲ್ಲ ಇರಲಿ. ನಳಿಗೆ ಡಮಾಸ್ಕಸ್ ಮಾದರಿಯದೋ (ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಬಗೆ) ಉಕ್ಕಿನದೋ ಎಂಬುದನ್ನು ತಪ್ಪದೆ ಬರೆಸಿ. ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ತೋಟಾ ಹಾಕಿ ಹೊಡೆದು ನಳಿಗೆ ಸಿಡಿದರೆ ಅದು ವಸ್ತುವಿನ ಸ್ವಂತ ದೋಷವೆಂದೂ ತಪ್ಪು ಬಳಕೆಯೆಂದೂ ಕಂಪನಿ ಕೈಚೆಲ್ಲುತ್ತದೆ. ಹೊಡೆದವನ ಕೈ ಉಳಿದರೆ ಅದೇ ಪುಣ್ಯ. ಫೋಟೋಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಕ್ರಮಸಂಖ್ಯೆಯನ್ನು ಇಲ್ಲಿ ಯಾರೂ ಬರೆಯಬೇಡಿ.

ಇನ್ನೊಂದು ಮಾತು. ತೋಟಾ, ಮದ್ದು, ಕೇಪುಗಳನ್ನು ಕೋವಿಯ ಜೊತೆ ಸೇರಿಸಿ ಲೆಕ್ಕ ಹಾಕಬೇಡಿ. ಸ್ಫೋಟಕ ವಸ್ತುಗಳು, ಪಾಲಿಸಿಯಲ್ಲಿ ಸ್ಪಷ್ಟವಾಗಿ ಹೇಳದ ಹೊರತು, ರಕ್ಷಣೆಯ ಹೊರಗೇ ಇರುತ್ತವೆ.

ಉತ್ತರ 2: ಸೋಮವಾರಪೇಟೆಯ ಬೆಳೆಗಾರ್ತಿ

ಸರ್ವೇಯರ್ ಸರ್ ಹೇಳಿದ್ದೆಲ್ಲ ನಿಜ. ನಾನು ಅನುಭವಿಸಿ ಕಲಿತದ್ದನ್ನಷ್ಟೇ ಸೇರಿಸುತ್ತೇನೆ.

2018ರ ಆಗಸ್ಟ್‌ನ ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಬರೆ (ಗುಡ್ಡದ ಮಗ್ಗುಲು) ಜರಿದು, ಕೋವಿ ಇಟ್ಟಿದ್ದ ಕಬ್ಬಿಣದ ಬೀರು ಕೆಸರಿನಲ್ಲಿ ಹೂತುಹೋಯಿತು. ನಾವು ಪರಿಹಾರ ಕೇಂದ್ರದಲ್ಲಿದ್ದೆವು. ಬೀರುವನ್ನು ತೆಗೆಯಿಸಿದ್ದು ಹನ್ನೊಂದು ದಿನಗಳ ಮೇಲೆ. ಆ ವೇಳೆಗೆ ನಳಿಗೆಯ ಒಳಗೆಲ್ಲ ತುಕ್ಕು ಹಿಡಿದಿತ್ತು, ಹಿಡಿಯ ಮರ ಸೀಳಿತ್ತು. ಗೋಡೆ ಮತ್ತು ಮಾಡಿನ ನಷ್ಟವನ್ನು ಕಂಪನಿ ಹೆಚ್ಚು ತಕರಾರಿಲ್ಲದೆ ಕೊಟ್ಟಿತು. ಕೋವಿಯ ವಿಷಯ ಬಂದಾಗ ಮಾತ್ರ, ತುಕ್ಕು ಕ್ರಮೇಣ ಆಗುವ ಸವಕಳಿ, ಅದು ಪಾಲಿಸಿಯ ಹೊರಗೆ ಎಂದು ಬರೆದು ಕಳಿಸಿದರು. ಆ ತುಕ್ಕು ಹಿಡಿದದ್ದು ಭೂಕುಸಿತದ ಕೆಸರಿನಿಂದಲೇ ಹೊರತು ನಮ್ಮ ಅಲಕ್ಷ್ಯದಿಂದಲ್ಲ ಎಂದು ತೋರಿಸಲು ನಮ್ಮಲ್ಲಿದ್ದ ಒಂದೇ ಆಧಾರವೆಂದರೆ ಅದರ ಹಿಂದಿನ ವರ್ಷದ ಕೈಲ್ ಪೊಳ್ದಿನಲ್ಲಿ ಮಗಳು ತೆಗೆದ ಫೋಟೋ. ಅದರಲ್ಲಿ ಹೂವಿಟ್ಟ ಕೋವಿಯ ನಳಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಐದಾರು ಪತ್ರಗಳಾದ ಮೇಲೆ ದುರಸ್ತಿಯ ಖರ್ಚಿನ ಒಂದು ಭಾಗ ಬಂತು. ಮೌಲ್ಯ ಕುಸಿದದ್ದಕ್ಕೆ ಏನೂ ಬರಲಿಲ್ಲ.

ಆದ್ದರಿಂದ ಪ್ರತಿ ವರ್ಷ ಆಯುಧಗಳನ್ನು ಶುಚಿ ಮಾಡಿ ಪೂಜೆಗೆ ಇಡುವ ದಿನವೇ, ದಿನಾಂಕ ಕಾಣುವ ಹಾಗೆ, ಎಲ್ಲ ಬದಿಯಿಂದಲೂ ಫೋಟೋ ತೆಗೆದಿಡುವ ಕ್ರಮವನ್ನು ನಾವು ಮಾಡಿಕೊಂಡಿದ್ದೇವೆ. ನಮ್ಮ ಮಳೆಗೆ ಕೋವಿ ಎಣ್ಣೆಯಿಲ್ಲದೆ ಒಂದು ತಿಂಗಳು ತಡೆಯುವುದಿಲ್ಲ. ತುಕ್ಕು, ಬೂಸ್ಟು, ಗೆದ್ದಲು, ಹುಳು ಇವಕ್ಕೆ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ ಎಂದೇ ತಿಳಿದುಕೊಂಡು ಎಣ್ಣೆಯ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುವುದು ಒಳ್ಳೆಯದು. ಬಂದೂಕು ದುರಸ್ತಿಗೆ ಕೊಟ್ಟಾಗ ಅಲ್ಲಿ ಹಾಳಾದರೂ ಅದೇ ಗತಿ.

ಚುನಾವಣೆಯ ವಿಚಾರವನ್ನೂ ಯೋಚಿಸಿ. ನೀತಿಸಂಹಿತೆ ಜಾರಿಯಾದಾಗ ಕೋವಿಯನ್ನು ಠೇವಣಿ ಇಡಬೇಕೆಂದು ಆದೇಶ ಬಂದರೆ ಅದು ವಾರಗಟ್ಟಲೆ ನಮ್ಮ ಮನೆಯಲ್ಲಿರುವುದಿಲ್ಲ. ನಮ್ಮ ಕೋವಿ ಒಮ್ಮೆ ಹಾಗೆ ಹೋಗಿ ಹಿಂದಕ್ಕೆ ಬಂದಾಗ ಹಿಡಿಯ ಮೇಲೆ ಉದ್ದನೆಯ ಗೀರು ಇತ್ತು. ನಮ್ಮ ಪಾಲಿಸಿಯಲ್ಲಿ ಮನೆಯ ವಿಳಾಸ ಮಾತ್ರ ಇದ್ದುದರಿಂದ ಕೇಳುವ ದಾರಿಯೇ ಇರಲಿಲ್ಲ. ಈಗ ಕೊಡುವಾಗಲೇ ರಸೀದಿಯ ಮೇಲೆ ಕೋವಿಯ ಸ್ಥಿತಿಯನ್ನು ಬರೆಸಿಕೊಳ್ಳುತ್ತೇನೆ. ಬರೆಯುವವರು ಮುಖ ಸಿಂಡರಿಸಿದರೂ ನಾನು ಅಲ್ಲೇ ನಿಂತಿರುತ್ತೇನೆ.

ಉತ್ತರ 3: ಮಡಿಕೇರಿಯ ವಕೀಲ

ಮೇಲಿನ ಇಬ್ಬರೂ ವಿಮೆಯ ಕಡೆಯಿಂದ ನೋಡಿದ್ದಾರೆ. ನಾನು ಕಾಗದದ ಕಡೆಯಿಂದ ನೋಡುತ್ತೇನೆ. ಕಾನೂನುಬದ್ಧ ಹಕ್ಕಿಲ್ಲದ ವಸ್ತುವಿಗೆ ಮಾಡಿಸಿದ ವಿಮೆ ನಿಲ್ಲುವುದಿಲ್ಲ.

ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಭೂಮಿಯುಳ್ಳವರಿಗೂ) ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ 1861ರಲ್ಲಿ ಮಾರ್ಕ್ ಕಬ್ಬನ್ ಅವರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರವು 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಜಿಲ್ಲೆಯ ಹೊರಗಿರುವ ವಿಮಾ ಅಧಿಕಾರಿಗಳಲ್ಲಿ ಅನೇಕರಿಗೆ ಇದು ಗೊತ್ತಿರುವುದಿಲ್ಲ. ವಿಮೆ ಕೋರಿ ತುಂಬುವ ಪ್ರಸ್ತಾವನಾ ಪತ್ರದಲ್ಲಿ ಪರವಾನಗಿ ಸಂಖ್ಯೆ ಎಂಬ ಅಂಕಣ ಇದ್ದರೆ ಅದನ್ನು ಖಾಲಿ ಬಿಡಬೇಡಿ, ಬೇರೆ ಯಾರದೋ ಸಂಖ್ಯೆಯನ್ನೂ ತುಂಬಬೇಡಿ. ತಾಯಿಯವರ ವಿನಾಯಿತಿ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಬರೆದು ಅದರ ಪ್ರತಿಯನ್ನೂ ಅಧಿಸೂಚನೆಯ ಪ್ರತಿಯನ್ನೂ ಲಗತ್ತಿಸಿ. ಪತ್ರವನ್ನು ನೀವೇ ತುಂಬಿ. ಏಜೆಂಟರಿಗೆ ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಟ್ಟ ಕಕ್ಷಿದಾರರ ಪರವಾಗಿ ವಾದಿಸಿ ನನಗೆ ಸಾಕಾಗಿದೆ.

ವಿಮೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ನೀವು ಕೇಳಲಿಲ್ಲ, ಆದರೆ ಕೇಳಬೇಕಿತ್ತು. ಮೂರು ಕೋವಿಗಳನ್ನೂ ಸೇರಿಸಿ ನಿಮ್ಮೊಬ್ಬರ ಹೆಸರಿನಲ್ಲಿ ಪಾಲಿಸಿ ಪಡೆಯುವುದು ಸರಿಯಲ್ಲ. ತಾಯಿಯವರ ಕೋವಿ ಅವರ ಹೆಸರಿನಲ್ಲೇ ಅಥವಾ ಅವರನ್ನು ಜಂಟಿ ವಿಮಾದಾರರಾಗಿ ಸೇರಿಸಿದ ಪಾಲಿಸಿಯಲ್ಲೇ ಇರಬೇಕು. ತಂದೆಯವರ ಕೋವಿಯನ್ನು ನೀವು ಠೇವಣಿ ಇಟ್ಟದ್ದು ಒಳ್ಳೆಯದಾಯಿತು. ಆಯುಧ ಕಾಯ್ದೆಯ 21ನೆಯ ಕಲಮಿನಂತೆ, ಒಡೆಯನ ಮರಣದಿಂದಲೋ ಪರವಾನಗಿಯ ಅವಧಿ ಮುಗಿದದ್ದರಿಂದಲೋ ಸ್ವಾಧೀನ ಅಕ್ರಮವಾಗುವ ಸಂದರ್ಭದಲ್ಲಿ ಕೋವಿಯನ್ನು ವಿಳಂಬ ಮಾಡದೆ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಬೇಕು. ನಿಮ್ಮ ಹೆಸರಿಗೆ ಆದೇಶ ಬರುವವರೆಗೆ ಆ ಕೋವಿ ನಿಮ್ಮ ಮನೆಯಲ್ಲಿದೆಯೆಂದು ಎಲ್ಲಿಯೂ ಬರೆಯಬೇಡಿ. ಅಲ್ಲಿಯವರೆಗೆ ಅದು ಸುಟ್ಟರೆ, ಕಳವಾದರೆ ಯಾರು ಹೊಣೆ ಎಂಬುದನ್ನು ಆ ಅಂಗಡಿಯವರ ಬಳಿ ಕೇಳಿ. ಠೇವಣಿ ಮಾಲಿಗೂ ಅವರ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ರಸೀದಿಯ ಮೇಲೆ ಬರೆದುಕೊಡಲು ಹೇಳಿ. ಹಾಗೆಯೇ 2019ರ ತಿದ್ದುಪಡಿಯ ನಂತರ ಪರವಾನಗಿ ಪಡೆದ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡೇ ಎಂಬುದು ನೆನಪಿರಲಿ. ವಂಶಪಾರಂಪರ್ಯವಾಗಿ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಈ ಎಳೆಯನ್ನು ಓದುತ್ತಿರುವ ಹಿರಿಯರಿಗೆ ಒಂದು ಮಾತು: 2016ರ ಆಯುಧ ನಿಯಮಗಳಂತೆ, 70 ವರ್ಷ ತುಂಬಿದ ಅಥವಾ ಕೋವಿಯನ್ನು 25 ವರ್ಷ ಹೊಂದಿದ್ದ ಪರವಾನಗಿದಾರರು ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಕೊಡಿಸಲು ಅವಕಾಶವಿದೆ. ಬದುಕಿರುವಾಗಲೇ ಮಾಡಿದರೆ ಕೋವಿ ಠೇವಣಿಯಲ್ಲಿ ಕೊಳೆಯುವುದು ತಪ್ಪುತ್ತದೆ.

ಗೋಡೆಯ ಮೇಲಿನ ಕೇಪಿನ ಕೋವಿಯ ಬಗ್ಗೆ. ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ, ಹಳೆಯ ಮಾದರಿಯ ಅಥವಾ ಪುರಾತನ ಬೆಲೆಯ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ನಿಮ್ಮದು ಆ ವರ್ಗಕ್ಕೆ ಸೇರುತ್ತದೆಂದು ನೀವಾಗಲಿ ನಾನಾಗಲಿ ತೀರ್ಮಾನಿಸುವಂತಿಲ್ಲ. ಕಟ್ಟಿದ ನಳಿಗೆಯನ್ನು ಬಿಡಿಸಬಹುದು, ಇಲ್ಲದ ಕುದುರೆಯನ್ನು ಕಮ್ಮಾರ ಮಾಡಿಕೊಡಬಹುದು. ಒಕ್ಕದ ಹಿರಿಯರನ್ನು ಕೂಡಿಸಿಕೊಂಡು ಜಿಲ್ಲಾಡಳಿತದ ಮುಂದೆ ಅರ್ಜಿ ಹಾಕಿ, ಅದರ ಸ್ಥಿತಿಯನ್ನು ದಾಖಲೆ ಮಾಡಿಸಿಕೊಳ್ಳಿ. ಆಮೇಲೆ ಅದನ್ನು ಪುರಾತನ ವಸ್ತುವಾಗಿ ವಿಮೆಗೆ ಸೇರಿಸಬಹುದು. ಅದಕ್ಕೆ ಮುಂಚೆ ಪ್ರಸ್ತಾವನಾ ಪತ್ರದಲ್ಲಿ ಬರೆಯುವುದೆಂದರೆ ಕಾಗದವಿಲ್ಲದ ಆಯುಧ ನನ್ನಲ್ಲಿದೆ ಎಂದು ಸಹಿ ಹಾಕಿ ಕೊಟ್ಟಂತೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಕೋವಿಯ ವಿಮೆ ಕೋವಿಗೆ ಆದ ನಷ್ಟವನ್ನು ತುಂಬುತ್ತದೆ, ಕೋವಿಯಿಂದ ಬೇರೆಯವರಿಗೆ ಆದ ನಷ್ಟವನ್ನಲ್ಲ. ಎರಡನೆಯದಕ್ಕೆ ಹೊಣೆಗಾರಿಕೆಯ ವಿಮೆ ಬೇಕು. ಕೆಲವು ಕಂಪನಿಗಳ ಗೃಹವಿಮೆಯ ಜೊತೆ ವೈಯಕ್ತಿಕ ಹೊಣೆಗಾರಿಕೆಯ ಭಾಗ ಸಿಗುತ್ತದೆ; ಆದರೆ ಬಂದೂಕಿನ ಬಳಕೆಯನ್ನು ಅದು ಹೊರಗಿಟ್ಟಿದೆಯೇ ಎಂದು ಹೊರಗಿಡುವಿಕೆಗಳ ಪಟ್ಟಿಯಲ್ಲಿ ಹುಡುಕಬೇಕು. ಹೊರಗಿಟ್ಟಿದ್ದರೆ ಆ ಭಾಗದಿಂದ ನಿಮಗೆ ಉಪಯೋಗವಿಲ್ಲ. ಸೇರಿದ್ದರೂ ಉದ್ದೇಶಪೂರ್ವಕ ಕೃತ್ಯಕ್ಕಾಗಲಿ ಅಪರಾಧದ ದಂಡಕ್ಕಾಗಲಿ ಯಾವ ವಿಮೆಯೂ ಒದಗುವುದಿಲ್ಲ. ಕಾಯ್ದೆಯ 25ನೆಯ ಕಲಮಿನ 9ನೆಯ ಉಪಕಲಮಿನಂತೆ, ಜೀವಕ್ಕೆ ಅಪಾಯವಾಗುವ ಹಾಗೆ ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಉಂಟು. ಪರವಾನಗಿಯ ವಿನಾಯಿತಿ ಈ ಕಲಮಿನ ವಿನಾಯಿತಿಯಲ್ಲ. ನನ್ನ ಅಭಿಪ್ರಾಯದಲ್ಲಿ, ನಿಮ್ಮ ಮೂರೂ ಕೋವಿಗಳ ಒಟ್ಟು ಬೆಲೆಗಿಂತ ಒಂದು ಅಚಾತುರ್ಯದ ಪರಿಹಾರದ ಮೊತ್ತ ಹಲವು ಪಟ್ಟು ದೊಡ್ಡದಾಗಬಹುದು. ಆದ್ದರಿಂದ ಪ್ರೀಮಿಯಂಗೆ ಇಟ್ಟ ಹಣ ಸೀಮಿತವಾಗಿದ್ದರೆ ಮೊದಲು ಹೊಣೆಗಾರಿಕೆಯ ರಕ್ಷಣೆಯನ್ನು ಹುಡುಕಿ, ಕೋವಿಯ ಬೆಲೆಯನ್ನು ಆಮೇಲೆ ನೋಡಿ.

ಕೊನೆಯದಾಗಿ ಯಾರೂ ಯೋಚಿಸದ ಒಂದು ತೊಡಕು. ಕಳವಾದ ಕೋವಿಗೆ ಕಂಪನಿ ಹಣ ಕೊಟ್ಟ ಮೇಲೆ ಅದು ಸಿಕ್ಕಿತೆನ್ನಿ. ಪರಿಹಾರ ಕೊಟ್ಟುದರಿಂದ ಅದರ ಮೇಲಿನ ಹಕ್ಕು ಕಂಪನಿಯದಾಗುತ್ತದೆ, ಆದರೆ ಪರವಾನಗಿಯಿಲ್ಲದ ಕಂಪನಿ ಅದನ್ನು ಇಟ್ಟುಕೊಳ್ಳಲಾರದು. ಅಷ್ಟರಲ್ಲಿ ಕೋವಿ ನ್ಯಾಯಾಲಯದ ಜಪ್ತಿ ಮಾಲಾಗಿರುತ್ತದೆ. ಪಡೆದ ಹಣವನ್ನು ಮರಳಿಸಿ ಕೋವಿಯನ್ನು ಹಿಂಪಡೆಯುವ ಹಕ್ಕು ವಿಮಾದಾರನಿಗಿದೆ ಎಂಬ ಒಂದು ಸಾಲನ್ನು ಪಾಲಿಸಿಯಲ್ಲಿ ಬರೆಸಿಕೊಳ್ಳಲು ಪ್ರಯತ್ನಿಸಿ. ಅಜ್ಜನ ಕೋವಿಯಾದುದರಿಂದ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರ ಮರುಬರಹ: ಐನ್‌ಮನೆಯ ಕಿರಿಯ, ಬೆಂಗಳೂರು

ಮೂವರಿಗೂ ಕೃತಜ್ಞತೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಬಂದೂಕು ಅಂಗಡಿಗೆ ಹೋಗಿ ವಿಚಾರಿಸಿದೆ. ಅವರ ವಿಮೆ ಅವರ ಸ್ವಂತ ಸರಕಿಗೆ ಮಾತ್ರವಂತೆ, ಠೇವಣಿಯ ಕೋವಿಗಳು ಅದರಲ್ಲಿಲ್ಲ. ಗ್ರೀನರ್ ಕೋವಿಯನ್ನು ಅವರೇ ಬಿಚ್ಚಿ ನೋಡಿ, ನಳಿಗೆ ಉಕ್ಕಿನದೆಂದೂ ಪರೀಕ್ಷಾ ಮುದ್ರೆಗಳು ಸ್ಪಷ್ಟವಾಗಿವೆಯೆಂದೂ ಹೇಳಿ, ಮೌಲ್ಯದ ಪತ್ರ ಕೊಡಲು ಒಪ್ಪಿದ್ದಾರೆ. ಕೇಪಿನ ಕೋವಿಯ ವಿಚಾರವನ್ನು ಒಕ್ಕದ ಹಿರಿಯರಾದ ಪಟ್ಟೆದಾರರ ಮುಂದಿಟ್ಟಿದ್ದೇನೆ. ನೂರು ವರ್ಷ ಯಾರೂ ಕೇಳದ್ದನ್ನು ನೀನೇಕೆ ಕೆದಕುತ್ತೀಯೆ ಎಂದು ಮೊದಲು ಗದರಿದರೂ, ಆಮೇಲೆ ಅರ್ಜಿಗೆ ಸಹಿ ಹಾಕುವುದಾಗಿ ಹೇಳಿದರು.

ಎರಡು ಸಂದೇಹ ಉಳಿದಿವೆ. ಅಂಗಡಿಯಲ್ಲಿರುವ ಕೋವಿಗೆ ವಾರಸುದಾರನಾಗಿ ನಾನು ಈಗಲೇ ವಿಮೆ ಪಡೆಯಬಹುದೇ? ಕಳವಾದರೆ ಮೊದಲ ದಿನ ಏನು ಮಾಡಬೇಕು?

ಉತ್ತರ 4: ನಿವೃತ್ತ ಸರ್ವೇಯರ್, ಮೈಸೂರು

ಮೊದಲನೆಯದಕ್ಕೆ: ಆಸ್ತಿಯಾಗಿ ಆ ಕೋವಿಯಲ್ಲಿ ನಿಮ್ಮ ತಾಯಿಯವರಿಗೂ ನಿಮಗೂ ಹಿತಾಸಕ್ತಿ ಇದೆ, ಇಟ್ಟುಕೊಳ್ಳುವ ಅನುಮತಿ ಇನ್ನೂ ಬಂದಿಲ್ಲ, ಅಷ್ಟೇ. ಈ ಎರಡನ್ನೂ ಪ್ರಸ್ತಾವನಾ ಪತ್ರದಲ್ಲಿ ಹಾಗೆಯೇ ಬರೆದು, ಮರಣ ಪ್ರಮಾಣಪತ್ರ, ಠೇವಣಿ ರಸೀದಿ ಮತ್ತು ಅರ್ಜಿಯ ಸ್ವೀಕೃತಿಯನ್ನು ಲಗತ್ತಿಸಿ, ಅಂಗಡಿಯ ವಿಳಾಸವನ್ನೇ ಅಪಾಯದ ಸ್ಥಳವೆಂದು (ವಿಮೆ ಅನ್ವಯಿಸುವ ಜಾಗವೆಂದು) ನಮೂದಿಸಿ ಕೇಳಿ. ಒಪ್ಪುವ ಕಂಪನಿ ಸಿಗಬಹುದು, ಸಿಗದೆಯೂ ಇರಬಹುದು. ತಂದೆಯವರ ಹೆಸರಿನ ಹಳೆಯ ಪಾಲಿಸಿ ಏನಾದರೂ ಇದ್ದರೆ, ಅವರು ತೀರಿಕೊಂಡದ್ದನ್ನು ತಿಳಿಸದೆ ಅದನ್ನೇ ನವೀಕರಿಸುತ್ತಾ ಹೋಗುವ ತಪ್ಪನ್ನು ಮಾತ್ರ ಮಾಡಬೇಡಿ. ಅಂಥ ಪಾಲಿಸಿಗಳನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಎರಡನೆಯದಕ್ಕೆ: ಠಾಣೆಗೆ ಅದೇ ದಿನ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ, ಬಂದೂಕಿನ ವಿಷಯದಲ್ಲಿ ಇದು ವಿಮೆಗಾಗಿ ಮಾತ್ರವಲ್ಲ, ನಾಳೆ ಅದೇ ಕೋವಿಯಿಂದ ಎಲ್ಲಾದರೂ ಅಪರಾಧ ನಡೆದರೆ ನಿಮ್ಮ ರಕ್ಷಣೆಗೂ ಬೇಕು. ಪರವಾನಗಿ ನೀಡಿದ ಕಚೇರಿಗೂ ವಿಮಾ ಕಂಪನಿಗೂ ಅದೇ ದಿನ ಲಿಖಿತವಾಗಿ ತಿಳಿಸಿ. ಮುರಿದ ಬೀಗವನ್ನು ಸರ್ವೇಯರ್ ನೋಡುವವರೆಗೆ ಎಸೆಯಬೇಡಿ. ಕೋವಿ ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ 'ಸಿ' ರಿಪೋರ್ಟನ್ನು ಕಂಪನಿ ಕೇಳುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯುವುದರಿಂದ ನಡುನಡುವೆ ಬರಹದಲ್ಲಿ ನೆನಪಿಸುತ್ತಿರಿ. ಕೋವಿಯನ್ನು ಬೀಗ ಹಾಕಿದ ಭದ್ರವಾದ ಜಾಗದಲ್ಲಿ, ತೋಟಾಗಳನ್ನು ಬೇರೆ ಕಡೆ ಇಟ್ಟಿದ್ದಿರಿ ಎಂಬುದನ್ನು ತೋರಿಸಲು ಆಗಬೇಕು. ಗೋಡೆಯ ಮೊಳೆಗೆ ತೂಗುಹಾಕಿದ್ದ ಕೋವಿ ಹೋದರೆ, ಸೂಕ್ತ ಎಚ್ಚರ ವಹಿಸಿಲ್ಲ ಎಂಬ ಒಂದೇ ವಾಕ್ಯದಿಂದ ಕಡತ ಮುಚ್ಚಿಹೋಗುತ್ತದೆ. ಕಂಪನಿ ಕ್ಲೈಮನ್ನು ತಿರಸ್ಕರಿಸಿದರೆ, ಮೊದಲು ಅದೇ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ (ನಮ್ಮ ವಕೀಲ ಮಿತ್ರರು ಕ್ಷಮಿಸಬೇಕು), 50 ಲಕ್ಷ ರೂಪಾಯಿಯವರೆಗಿನ ಪರಿಹಾರವನ್ನು ಅವರು ಆದೇಶಿಸಬಲ್ಲರು.

ವ್ಯಾಪಾರಿಯ ಮೌಲ್ಯದ ಪತ್ರಕ್ಕೆ ದಿನಾಂಕ ಹಾಕಿಸಿ, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆಸಿ. ಮುಂದಿನ ವಾರ ಶಾಖೆಗೆ ಹೋಗುವಾಗ ಒಪ್ಪಿತ ಮೌಲ್ಯ, ಕನ್ನಗಳವು, ಠೇವಣಿಯ ಸ್ಥಳ, ಬಂದೂಕಿನ ಹೊಣೆಗಾರಿಕೆ ಈ ನಾಲ್ಕು ವಿಷಯಗಳನ್ನು ಒಂದೇ ಪತ್ರದಲ್ಲಿ ಬರೆದು, ಎರಡನೆಯ ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡು ಬನ್ನಿ. ಅವರು ಏನು ಉತ್ತರ ಕೊಟ್ಟರೆಂದು ಇಲ್ಲಿ ಬರೆದರೆ, ಪಾಲಿಸಿಯ ಕರಡನ್ನು ಓದಿ ಹೇಳಲು ನಾನು ಸಿದ್ಧ.